ವಿರೋಧವನ್ನೇ ವ್ರತವಾಗಿಸಿಕೊಂಡ ಕಮಲಾದೇವಿ

ಅಧಿಕಾರಸ್ಥರನ್ನು ವಿರೋಧಿಸಿ ಅನಂತರ ತಾನೇ ಆ ಪೀಠವನ್ನೇರಬೇಕೆಂಬ ಆಸೆಯುಳ್ಳವನಿಗೆ ವಿರೋಧವು ಸುಲಭವಾದ ಕೆಲಸ. ಪೀಠದ ಆಸೆಯನ್ನು ತೊರೆದು, ಅನ್ಯಾಯವು ಪರಕೀಯರಲ್ಲಿರಲಿ ಸ್ವಕೀಯರಲ್ಲಿರಲಿ, ಅದನ್ನು ಸಮಚಿತ್ತದಿಂದ ಎದುರಿಸುವುದು ಕಠಿನವ್ರತ. ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು ಈ ವ್ರತವನ್ನು ಕೈಕೊಂಡ ಕನ್ನಡ ನಾಡಿನ ಮಗಳು.

ಅವರು 1903ನೆಯ ಇಸವಿ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರ್ಕಾರದ ಅಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ವಿದ್ಯಾಭಿಮಾನಿಗಳು. ಮಗಳು ಇನ್ನೂ ಬಾಲಿಕೆಯಾಗಿರುವಾಗಲೇ ತಂದೆಯವರು ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯು ಮೊದಲನೆಯ ಹೆಂಡತಿಯ ಮಗನ ಪಾಲಾಯಿತು. ಹೆಂಗಸಿಗೆ ಹಕ್ಕಿಲ್ಲವೆಂಬ ಮಾತಿನ ಅರ್ಥವನ್ನು ಅವರು ಮನೆಯಲ್ಲಿಯೇ ಕಂಡರು. ಬಾಲ್ಯದಲ್ಲಿಯೇ ವಿವಾಹವೂ ವೈಧವ್ಯವೂ ಒದಗಿದವು. ಮುಂದೆ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವರಿಸಿ, ವಿಧವೆಗೆ ಮರುಬಾಳಿಲ್ಲವೆಂಬ ಕಟ್ಟಳೆಯನ್ನು ಮೀರಿದರು.

1926ರಲ್ಲಿ ಮದರಾಸು ಶಾಸನಸಭೆಗೆ ಸ್ತ್ರೀಯರೂ ಸ್ಪರ್ಧಿಸಬಹುದೆಂದಾದಾಗ, ಮಾರ್ಗರೆಟ್ ಕಸಿನ್ಸರ ಪ್ರೇರಣೆಯಿಂದ ಕಮಲಾದೇವಿಯವರು ಕಣಕ್ಕಿಳಿದರು. ಪ್ರಚಾರಕ್ಕೆ ದೊರೆತುದು ಕೆಲವೇ ದಿನಗಳು. ಆದರೂ ಅತ್ಯಲ್ಪ ಮತಗಳಿಂದ ಮಾತ್ರ ಸೋತರು. ಆ ಸೋಲು ಭರತಖಂಡದ ಸ್ತ್ರೀಯರಿಗೆ ತೆರೆದ ಬಾಗಿಲಾಯಿತು.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ದಂಡಿಗೆ ಹೊರಟ ಗಾಂಧೀಜಿಯವರ ತಂಡದಲ್ಲಿ ಸ್ತ್ರೀಯರಿರಲಿಲ್ಲ. ಮಹಾತ್ಮರಲ್ಲಿ ಪರಮಭಕ್ತಿಯಿದ್ದರೂ ಕಮಲಾದೇವಿಯವರು ಇದನ್ನು ಒಪ್ಪಲಿಲ್ಲ; ಅವರ ಬಳಿಗೆ ಹೋಗಿ ವಾದಿಸಿ ಅನುಮತಿಯನ್ನು ಪಡೆದೇ ಬಂದರು. ಮುಂಬಯಿಯ ಕಡಲತೀರದಲ್ಲಿ ಕಾನೂನನ್ನು ಮುರಿದರು, ಷೇರುಪೇಟೆಯ ವರ್ತಕರ ನಡುವೆ ನಿಂತು ಉಪ್ಪಿನ ಪೊಟ್ಟಣಗಳನ್ನು ಮಾರಿದರು, ಸೆರೆಮನೆಗೆ ನಡೆದರು. ಗುರುವಿಗೆ ತಲೆಬಾಗುವುದು ಬೇರೆ, ಗುರುವಿನ ಮುಂದೆ ಬಾಯಿ ಮುಚ್ಚುವುದು ಬೇರೆ ಎಂಬ ಪಾಠವನ್ನು ನಾವು ಇಲ್ಲಿ ಕಾಣುತ್ತೇವೆ.

ಕಾಂಗ್ರೆಸ್ಸಿನೊಳಗೆ ಬಡವರ ಪಕ್ಷವನ್ನು ವಹಿಸಿದ ಸಮಾಜವಾದಿಗಳ ಜತೆಗೂಡಿ, 1936ರಲ್ಲಿ ಮೀರತ್ತಿನಲ್ಲಿ ನೆರೆದ ಅವರ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಎರಡನೆಯ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಅಮೆರಿಕದಲ್ಲಿ ಸಂಚರಿಸುವಾಗ, ದಕ್ಷಿಣಪ್ರಾಂತದ ರೈಲಿನಲ್ಲಿ ಬಿಳಿಯರ ಸ್ಥಳವನ್ನು ಬಿಟ್ಟೇಳುವಂತೆ ಅವರಿಗೆ ಆಜ್ಞೆಯಾಯಿತು. ಭಾರತದ ಗಣ್ಯಮಹಿಳೆಯೆಂದು ಹೇಳಿಕೊಂಡಿದ್ದರೆ ವಿನಾಯಿತಿಯು ದೊರೆಯುತ್ತಿತ್ತು. ಅವರಾದರೋ ತಾವೂ ಕಪ್ಪು ಮೈಬಣ್ಣದವರೇ ಎಂದು ಸಾರಿ, ಸ್ಥಳವನ್ನು ಬಿಟ್ಟೇಳಲಿಲ್ಲ. ಆಫ್ರಿಕದ ಸಂತತಿಯವರ ಅಪಮಾನದಲ್ಲಿ ತಮ್ಮದನ್ನೂ ಕಂಡರು.

1948ರಲ್ಲಿ ಸಮಾಜವಾದಿಗಳು ಕಾಂಗ್ರೆಸ್ಸನ್ನು ಬಿಟ್ಟು ಹೊರನಡೆದರು. ಸ್ವರಾಜ್ಯವು ಬಂದಮೇಲೆ ಮಂತ್ರಿಪದವಿಗಳು ಹಂಚಿಹೋಗುತ್ತಿದ್ದ ಕಾಲದಲ್ಲಿ ಕಮಲಾದೇವಿಯವರು ವಿಭಜನೆಯ ನಿರಾಶ್ರಿತರನ್ನು ಅರಸಿ ಹೋದರು. ಭಾರತೀಯ ಸಹಕಾರಿ ಸಂಘವನ್ನು ಕಟ್ಟಿ, ಫರೀದಾಬಾದಿನಲ್ಲಿ ಅವರಿಗೆ ಮನೆಯೂ ಕೆಲಸವೂ ದೊರೆಯುವಂತೆ ಶ್ರಮಿಸಿದರು. 1952ರಲ್ಲಿ ಹುಟ್ಟಿದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿದುದೂ ಕೈಕಸುಬಿನವರ ಅನ್ನಕ್ಕಾಗಿಯೇ. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ಕಾಲವಾದರು.

ನಮ್ಮ ಸಾಗರ ಸೀಮೆಗೆ ಈ ಚರಿತ್ರೆಯು ಹೊರಗಿನದಲ್ಲ. ಅವರು ಬೆಳೆಸಿದ ಸಮಾಜವಾದಿ ಪಕ್ಷವೇ 1951ರಲ್ಲಿ ಕಾಗೋಡಿನ ಗೇಣಿದಾರರ ಬೆಂಬಲಕ್ಕೆ ನಿಂತಿತು. ಲೋಹಿಯಾ ಅವರು ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಶ್ರೀಗಂಧದಲ್ಲಿ ದೇವರನ್ನು ಕಡೆಯುವ ನಮ್ಮ ಗುಡಿಗಾರರಂಥವರ ಉಳಿಯು ತುಕ್ಕುಹಿಡಿಯದಿರಲೆಂದೇ ಅವರು ಉತ್ತರಾರ್ಧದ ಆಯುಷ್ಯವನ್ನು ಸವೆಸಿದರು.

ಬೇಡವೆನ್ನುವ ಧೈರ್ಯವನ್ನು ಅವರಿಂದ ಹಲವರು ಕಲಿತರು. ಬೇಡವೆಂದಮೇಲೆ ಬೇಕಾದುದನ್ನು ತನ್ನ ಕೈಯಿಂದಲೇ ಕಟ್ಟುವ ತಾಳ್ಮೆಯನ್ನು ಕಲಿತವರು ವಿರಳ. ಸಭೆಗಳಲ್ಲಿ ಧಿಕ್ಕಾರವನ್ನು ಕೂಗಿ ಮನೆಗೆ ಮರಳುವ ನಾವೆಲ್ಲರೂ ಆ ಎರಡನೆಯ ಪಾಠವನ್ನು ಇನ್ನಾದರೂ ಓದಬೇಡವೆ?