ಜಾರ್ಜ್ ಫೋರ್ಸೈತ್: ಯಂತ್ರಕ್ಕೆ ಉತ್ತರ ತಿದ್ದಲು ಕಲಿಸಿದ ಗಣಿತ ಶಿಕ್ಷಕರು

ಜಾರ್ಜ್ ಫೋರ್ಸೈತ್ 1917ರ ಜನವರಿ 8ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸ್ಟೇಟ್ ಕಾಲೇಜ್‌ನಲ್ಲಿ ಹುಟ್ಟಿದರು. ಊರಿನ ಹೆಸರೇ ಅದು, ಕಾಲೇಜಿನದಲ್ಲ. ಏಳನೆಯ ತರಗತಿಯಲ್ಲಿದ್ದಾಗ, ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ ಹಿಡಿದು 10000ವನ್ನು 7699ರಿಂದ ಭಾಗಿಸಿ, ದಶಮಾಂಶದ ಅಂಕಿಗಳು ಹೇಗೆ ಮರುಕಳಿಸುತ್ತವೆಂದು ನೋಡಲು ಹೊರಟಿದ್ದರು. ಆವರ್ತ ದಶಮಾಂಶಕ್ಕೆ 1/3, 1/7 ಬರೆದು ಮುಂದಿನ ಪಾಠಕ್ಕೆ ಹೋಗುವ ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ ಇಂಥ ವಿದ್ಯಾರ್ಥಿ ಸಿಕ್ಕಿದ್ದರೆ ಪಾಠಯೋಜನೆಯೇ ಅಡಿಮೇಲಾಗುತ್ತಿತ್ತು.

ಬ್ರೌನ್ ವಿಶ್ವವಿದ್ಯಾಲಯದಿಂದ 1941ರಲ್ಲಿ ಪಿಎಚ್.ಡಿ. ಪಡೆದರು. ಯುದ್ಧದ ವರ್ಷಗಳಲ್ಲಿ ಸೇನೆಯ ವಾಯುವಿಭಾಗಕ್ಕೆ ಹವಾಮಾನದ ಕೆಲಸ ಮಾಡಿದರು. ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ಹೊಸದಾಗಿ ಬಂದಿದ್ದ ಗಣಕಯಂತ್ರಗಳ ಜೊತೆ ಸಂಖ್ಯಾತ್ಮಕ ಗಣಿತದಲ್ಲಿ ದುಡಿದು, 1957ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಗಣಿತ ಪ್ರಾಧ್ಯಾಪಕರಾಗಿ ಬಂದರು.

ಅಲ್ಲಿ ಪ್ರೋಗ್ರಾಂ ಬರೆಯಲು ಕಲಿಯಬಯಸುವವರ ಸಂಖ್ಯೆ ಏರುತ್ತಿತ್ತು. ನೋಟ್‌ಬುಕ್ ತಿದ್ದಿದಂತೆ ಪ್ರೋಗ್ರಾಂ ತಿದ್ದಲಾಗುವುದಿಲ್ಲ. ಒಂದು ಚಿಹ್ನೆ ತಪ್ಪಿದರೂ ಅದು ಓಡದು, ಓಡಿದರೂ ಉತ್ತರ ಸರಿಯಿರಬೇಕೆಂದಿಲ್ಲ, ಕಣ್ಣಿಗೆ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪ್ರೋಗ್ರಾಂ ತಿದ್ದುವ ಕೆಲಸವನ್ನು ಇನ್ನೊಂದು ಪ್ರೋಗ್ರಾಂಗೇ ಒಪ್ಪಿಸಬಹುದೆಂದು ರೆನ್ಸೆಲಾರ್ ಸಂಸ್ಥೆಯ ಜ್ಯಾಕ್ ಹಾಲಿಂಗ್ಸ್‌ವರ್ತ್ 1960ರಲ್ಲೇ ವರದಿ ಮಾಡಿದ್ದರು. ಅವರ ಮೊದಲ ತಂಡದ 20 ಪ್ರೋಗ್ರಾಂಗಳನ್ನು ಐಬಿಎಂ 650 ಯಂತ್ರ 5 ನಿಮಿಷದಲ್ಲಿ ಮುಗಿಸಿತ್ತು. ಅವರಿಗೆ ಮುಖ್ಯವಾಗಿದ್ದದ್ದು ಸಮಯದ ಉಳಿತಾಯ.

ಫೋರ್ಸೈತ್ ಅವರ ಆಸಕ್ತಿ ಬೇರೆ ಕಡೆಗಿತ್ತು ಎಂದು ನನಗನ್ನಿಸುತ್ತದೆ. ಮುಂದೆ ಪಾಸ್ಕಲ್ ಭಾಷೆಯನ್ನು ರೂಪಿಸಿದ ನಿಕ್ಲಾಸ್ ವಿರ್ತ್ ಅವರ ಜೊತೆ 1965ರಲ್ಲಿ ಅವರು ಎರಡು ತಪಾಸಕ ಪ್ರೋಗ್ರಾಂಗಳನ್ನು ಪ್ರಕಟಿಸಿದರು. ಎರಡೂ ಆಲ್ಗಾಲ್ ಭಾಷೆಯವು. ಮೊದಲನೆಯದು ಆರಂಭಿಕರಿಗೆ. ಅದು ಯಾದೃಚ್ಛಿಕ ಸಂಖ್ಯೆಗಳನ್ನು ಕೊಟ್ಟು ಉತ್ತರ ನೋಡುತ್ತಿತ್ತು, ಹಾಗಾಗಿ ಉತ್ತರವನ್ನು ಬಾಯಿಪಾಠ ಮಾಡಿ ಪ್ರಯೋಜನವಿರಲಿಲ್ಲ. ಎರಡನೆಯದು ಸಮೀಕರಣದ ಮೂಲ ಹುಡುಕುವ ಪ್ರೋಗ್ರಾಂಗಳಿಗೆ. ವಿದ್ಯಾರ್ಥಿಯ ಕ್ರಮ ಎಷ್ಟು ನಂಬಿಕೆಗೆ ಅರ್ಹ, ಎಷ್ಟು ದಕ್ಷ ಎಂಬುದನ್ನು ಅದು ಬಿಡದೆ ಕೆದಕುತ್ತಿತ್ತು.

ಹೀಗೆ ಕೆದಕುವುದು ಏಕೆಂದು ತಿಳಿಯಲು ನಮ್ಮ ಹತ್ತನೆಯ ತರಗತಿಯ ಪಾಠವೇ ಸಾಕು. x² − 100000x + 1 = 0 ಎಂಬ ಸಮೀಕರಣವನ್ನು ಸೂತ್ರದಿಂದ ಬಿಡಿಸೋಣ. b² − 4ac ಬೆಲೆ 9999999996. ಎಂಟು ಅಂಕಿಗಳನ್ನಷ್ಟೇ ಹಿಡಿಯುವ ಯಂತ್ರ ಇದನ್ನು 10000000000 ಎಂದು ದುಂಡಾಗಿಸುತ್ತದೆ. ವರ್ಗಮೂಲ 100000. ಅದನ್ನು 100000ದಿಂದ ಕಳೆದರೆ ಚಿಕ್ಕ ಮೂಲ ಸೊನ್ನೆ! ಆದರೆ x = 0 ಹಾಕಿ ನೋಡಿ, 1 = 0 ಆಗುತ್ತದೆ. ಸೂತ್ರ ಸರಿ, ಹಂತಗಳೂ ಸರಿ, ಉತ್ತರ ಮಾತ್ರ ತಪ್ಪು. ಮೂಲಗಳ ಗುಣಲಬ್ಧ c/a, ಅಂದರೆ 1. ದೊಡ್ಡ ಮೂಲದಿಂದ 1ನ್ನು ಭಾಗಿಸಿದರೆ 0.00001 ಎಂಬ ಸರಿಯುತ್ತರ ಅದೇ ಯಂತ್ರದಲ್ಲಿ ಸಿಗುತ್ತದೆ. ಗಣಿತದ ಪುಸ್ತಕವೊಂದೇ ಏಕೆ ಸಾಲದೆಂದು ಇಂಥ ಉದಾಹರಣೆಗಳಿಂದ ತೋರಿಸುವ ಲೇಖನವನ್ನು ಫೋರ್ಸೈತ್ 1970ರಲ್ಲಿ ಬರೆದರು.

ನಮ್ಮ ಘಟಕ ಪರೀಕ್ಷೆಯಲ್ಲಿ ಸೂತ್ರಕ್ಕೆ ಒಂದು ಅಂಕ, ಬೆಲೆ ಆದೇಶಿಸಿದ್ದಕ್ಕೆ ಒಂದು, ಉತ್ತರಕ್ಕೆ ಒಂದು. ಕೊನೆಯಲ್ಲಿ ಎಡವಿದ ಮಗುವಿಗೂ ಎರಡು ಅಂಕ ದಕ್ಕುತ್ತದೆ. ತಪಾಸಕ ಪ್ರೋಗ್ರಾಂಗೆ ಆ ಕರುಣೆ ಇಲ್ಲ. ಅರ್ಧ ತಿಳಿದವರನ್ನೂ ಏನೂ ತಿಳಿಯದವರನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ, ಬರವಣಿಗೆ ಅಚ್ಚುಕಟ್ಟಾಗಿದೆಯೇ ಎಂಬುದೂ ಅದಕ್ಕೆ ಬೇಡ. ಆದರೆ ಇನ್ನೊಂದು ವಿಷಯದಲ್ಲಿ ಅದು ನಮಗಿಂತ ಉದಾರಿ. ಯಾವ ದಾರಿಯಿಂದ ಬಂದೆ ಎಂದು ಕೇಳುವುದೇ ಇಲ್ಲ. ಸೂತ್ರ ಬಿಟ್ಟು ಗುಣಲಬ್ಧದಿಂದ ಬಿಡಿಸಿದ ಮಗುವಿಗೆ ನಮ್ಮ ಉತ್ತರಸೂಚಿಯಲ್ಲಿ ಜಾಗವಿದೆಯೇ? ಇದ್ದರೆ ಎಷ್ಟು ಅಂಕ? ಬೋಧನಾಭ್ಯಾಸಕ್ಕೆ ಹೋಗುವ ಮುನ್ನ ನಾವು ನಮ್ಮೊಳಗೆ ಚರ್ಚಿಸಬೇಕಾದದ್ದು ಇದನ್ನೇ ಎಂದು ನನ್ನ ಅನಿಸಿಕೆ. ಯಂತ್ರ ತಿದ್ದಿತೆಂದು ಫೋರ್ಸೈತ್ ಅವರ ಕೆಲಸವೇನೂ ಕಡಿಮೆಯಾಗಲಿಲ್ಲ, ಅದು ಪರೀಕ್ಷೆಯ ಮುಂಚಿನ ರಾತ್ರಿಗೆ ಸರಿಯಿತು ಅಷ್ಟೆ. ಯಾವ ಸಂಖ್ಯೆ ಕೊಟ್ಟರೆ ಯಾವ ತಿಳಿವಳಿಕೆ ಬಯಲಾಗುತ್ತದೆಂದು ಮೊದಲೇ ಕುಳಿತು ಯೋಚಿಸದೆ ತಪಾಸಕವನ್ನು ಬರೆಯಲಾಗದು.

ಅದೇ 1965ರಲ್ಲಿ ಅವರ ಪ್ರಯತ್ನದಿಂದ ಸ್ಟ್ಯಾನ್‌ಫರ್ಡ್‌ನಲ್ಲಿ ಗಣಕವಿಜ್ಞಾನದ ಪ್ರತ್ಯೇಕ ವಿಭಾಗ ಶುರುವಾಯಿತು. ಅವರೇ ಅದರ ಮೊದಲ ಮುಖ್ಯಸ್ಥರು. ಅವರ ಪತ್ನಿ ಅಲೆಕ್ಸಾಂಡ್ರಾ ಕೂಡ ಗಣಕವಿಜ್ಞಾನದ ಆರಂಭದ ಪಠ್ಯಪುಸ್ತಕಗಳ ಲೇಖಕಿಯರಲ್ಲಿ ಒಬ್ಬರು. 1972ರ ಏಪ್ರಿಲ್ 9ರಂದು, ತಮ್ಮ 55ನೆಯ ವಯಸ್ಸಿನಲ್ಲಿ, ಫೋರ್ಸೈತ್ ತೀರಿಕೊಂಡರು. ಮ್ಯಾಟ್‌ಲ್ಯಾಬ್ ರಚಿಸಿದ ಕ್ಲೀವ್ ಮೋಲರ್ ಅವರ ಶಿಷ್ಯರು. ಗಣಕದ ಮೂಲಕ ಗಣಿತ ಮಾಡುವ ವಿಧಾನಗಳ ಬಗ್ಗೆ ಮೋಲರ್ ಮತ್ತು ಮೈಕೆಲ್ ಮಾಲ್ಕಮ್ 1977ರಲ್ಲಿ ಹೊರತಂದ ಪುಸ್ತಕದ ಮೇಲೆ ಮೊದಲ ಹೆಸರು ಗುರುಗಳದೇ ಇದೆ.