ಹಡಗಿನಿಂದ ಇಳಿದು ಬಂದ ಟೀಚರ್: ಆ್ಯನ್ ಜಡ್ಸನ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಯಾರಾದರೂ ಮಹನೀಯರ ಜೀವನದ ಬಗ್ಗೆ ಬರೆದುಕೊಡು ಎಂದು ಸಮಿತಿಯವರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಎಂಟನೇ ತರಗತಿಯ ಕೊಠಡಿ. ಅದರ ಗೋಡೆಯ ಮೇಲೆ ಗಾಂಧೀಜಿ, ವಿಶ್ವೇಶ್ವರಯ್ಯ, ಕುವೆಂಪು ಅವರ ಫೋಟೋಗಳು ಸಾಲಾಗಿ ಇದ್ದವು. ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಗುರುಗಳು ಈ ಸಂಚಿಕೆಯಲ್ಲೇ ಇದ್ದಾರೆ. ನಾನು ಆ ಗೋಡೆಯ ಮೇಲೆ ಇಲ್ಲದ ಒಬ್ಬ ಹೆಣ್ಣುಮಗಳ ಬಗ್ಗೆ ಬರೆಯುತ್ತೇನೆ. ಆಕೆ ಅಮೆರಿಕದವಳು. ತೀರಿಕೊಂಡು ಸುಮಾರು ಇನ್ನೂರು ವರ್ಷವಾಯಿತು. ಒಂದು ಕಾಲಕ್ಕೆ ಆ ದೇಶದಲ್ಲಿ ಬಹಳ ಮನೆಗಳಲ್ಲಿ ಗೊತ್ತಿದ್ದ ಹೆಸರು, ಆ್ಯನ್ ಜಡ್ಸನ್.

ಆಕೆಯ ಹೆಸರು ನನಗೆ ತಿಳಿದದ್ದು ಹೀಗೆ. ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಮದುವೆಯಾದ ಆರೇ ತಿಂಗಳಿಗೆ, ಕಂಪನಿ ನನ್ನನ್ನು ಬಾಸ್ಟನ್ ನಗರಕ್ಕೆ ಕಳಿಸಿತು. ಹೆಂಡತಿಯೂ ಜೊತೆಗೆ ಬಂದಳು. ಕ್ರಿಸ್ಮಸ್ ಕಳೆದು ಕೆಲವು ವಾರಗಳಾದ ಮೇಲೆ ಪಕ್ಕದ ಮನೆಯ ಅಜ್ಜಿಯೊಬ್ಬರು ನಮ್ಮಿಬ್ಬರನ್ನೂ ತಮ್ಮ ಕಾರಿನಲ್ಲಿ ಸೇಲಂ ಎಂಬ ಬಂದರಿನ ಊರಿಗೆ ಕರೆದುಕೊಂಡು ಹೋದರು. ಇನ್ನೂರು ವರ್ಷದ ಹಿಂದೆ ಇದೇ ಬಂದರಿನಿಂದ ನಿಮ್ಮಂಥದೇ ಒಂದು ಹೊಸ ಜೋಡಿ ನಿಮ್ಮ ದೇಶದ ಕಡೆಗೆ ಹೊರಟಿತ್ತು ಎಂದು ಹೇಳಿದರು. ಅವರು ನಮ್ಮನ್ನೇ ಯಾಕೆ ಕರೆದುಕೊಂಡು ಹೋದರು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಆ್ಯನ್ ಹುಟ್ಟಿದ್ದು 1789ರ ಡಿಸೆಂಬರ್ 22ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಡ್‌ಫರ್ಡ್ ಎಂಬ ಊರಿನಲ್ಲಿ. ಓದಿನಲ್ಲಿ ಚುರುಕು. ಶಾಲೆ ಮುಗಿಸಿ, ಸುತ್ತಲಿನ ಊರುಗಳಲ್ಲಿ ಟೀಚರ್ ಆಗಿ ಕೆಲಸ ಮಾಡಿದಳು. 1810ರಲ್ಲಿ ಅವರ ಮನೆಗೆ ಊಟಕ್ಕೆ ಬಂದಿದ್ದ ವಿದ್ಯಾರ್ಥಿಗಳಲ್ಲಿ ಅಡೋನಿರಾಮ್ ಜಡ್ಸನ್ ಎಂಬ ಯುವಕನಿದ್ದ. ಏಷ್ಯಾಕ್ಕೆ ಹೋಗಿ ಕ್ರೈಸ್ತ ಧರ್ಮ ಬೋಧಿಸಬೇಕೆಂದು ನಿಶ್ಚಯಿಸಿದ್ದವನು. ಆತ ಆಕೆಯ ತಂದೆಗೆ ಬರೆದ ಕಾಗದದಲ್ಲಿ ಏನನ್ನೂ ಮುಚ್ಚಿಡಲಿಲ್ಲ. ಮಗಳನ್ನು ಕಳಿಸಿಕೊಟ್ಟರೆ ಈ ಜನ್ಮದಲ್ಲಿ ಮತ್ತೆ ನೋಡಲಿಕ್ಕಾಗದಿರಬಹುದು, ಆಕೆ ಬಿಸಿಲು, ಬಡತನ, ಅವಮಾನ, ಸಾವನ್ನೂ ಎದುರಿಸಬೇಕಾದೀತು, ಇದಕ್ಕೆ ಒಪ್ಪುತ್ತೀರಾ ಎಂದು ಕೇಳಿದ. ತಂದೆ ತೀರ್ಮಾನವನ್ನು ಮಗಳಿಗೇ ಬಿಟ್ಟರು. ಯೋಚಿಸಿ ಒಪ್ಪಿದವಳು ಆಕೆಯೇ. ಹೆಣ್ಣು ಕೇಳುವ ಪದ್ಧತಿ ನಮಗೆಲ್ಲ ಗೊತ್ತು. ಬರುವ ಕಷ್ಟಗಳನ್ನು ಮೊದಲೇ ಪಟ್ಟಿ ಮಾಡಿ ಹೆಣ್ಣು ಕೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

1812ರ ಫೆಬ್ರವರಿ 5ರಂದು ಮದುವೆ. ಎರಡೇ ವಾರದಲ್ಲಿ, 19ನೇ ತಾರೀಖು, ಕ್ಯಾರವಾನ್ ಎಂಬ ಹಡಗಿನಲ್ಲಿ ಸೇಲಂನಿಂದ ಪ್ರಯಾಣ. ಅವರ ಜೊತೆ ನ್ಯೂವೆಲ್ ದಂಪತಿಗಳೂ ಇದ್ದರು. ನಾಲ್ಕು ತಿಂಗಳ ಮೇಲೆ ಕಲ್ಕತ್ತ ಮುಟ್ಟಿದರೆ ಈಸ್ಟ್ ಇಂಡಿಯಾ ಕಂಪನಿ ಅವರನ್ನು ಅಲ್ಲಿ ಇರಗೊಡಲಿಲ್ಲ. ಹಡಗಿನಲ್ಲಿ ಓದುತ್ತಾ ಬಂದ ಅಡೋನಿರಾಮ್‌ಗೆ ದೀಕ್ಷಾಸ್ನಾನದ ವಿಷಯದಲ್ಲಿ ಅಭಿಪ್ರಾಯ ಬದಲಾಗಿ, ಕಲ್ಕತ್ತದಲ್ಲಿ ಗಂಡ ಹೆಂಡತಿ ಇಬ್ಬರೂ ಬ್ಯಾಪ್ಟಿಸ್ಟ್ ಪಂಗಡಕ್ಕೆ ಸೇರಿದರು. ಹಾಗಾಗಿ ಹಣ ಕೊಟ್ಟು ಕಳಿಸಿದ ಸಂಸ್ಥೆಯ ಆಸರೆಯೂ ತಪ್ಪಿತು. ಕೈಯಲ್ಲಿ ಕಾಸಿಲ್ಲ, ನಿಲ್ಲಲು ನೆಲೆಯಿಲ್ಲ.

ಇಲ್ಲೊಂದು ಮಾತು ಹೇಳಬೇಕು. ಕ್ರಿಸ್ಮಸ್ ಎಂದರೆ ದೀಪ, ಕೇಕು, ಉಡುಗೊರೆ ಎಂದು ನಾವು ಅಂದುಕೊಂಡಿದ್ದೇವೆ. ಆ್ಯನ್ ಬೆಳೆದ ಕಾಲದ ಮ್ಯಾಸಚೂಸೆಟ್ಸ್‌ನಲ್ಲಿ ಹಾಗಿರಲಿಲ್ಲ. ಅಲ್ಲಿನ ಹಿಂದಿನ ತಲೆಮಾರಿನ ಕಟ್ಟುನಿಟ್ಟಿನ ಕ್ರೈಸ್ತರು 1659ರಲ್ಲಿ ಕ್ರಿಸ್ಮಸ್ ಆಚರಿಸಿದವರಿಗೆ ದಂಡವನ್ನೇ ಹಾಕುವ ಕಾನೂನು ಮಾಡಿದ್ದರು. 1681ರಲ್ಲಿ ಅದು ರದ್ದಾದರೂ ರಾಜ್ಯದಲ್ಲಿ ಆ ದಿನಕ್ಕೆ ರಜೆ ಸಿಕ್ಕಿದ್ದು 1856ರಲ್ಲಿ. ಆ್ಯನ್ ಹುಡುಗಿಯಾಗಿದ್ದಾಗ ಹೆಚ್ಚಿನ ಮನೆಗಳಲ್ಲಿ ಡಿಸೆಂಬರ್ 25 ದುಡಿಮೆಯ ದಿನವೇ. ಈ ದಂಪತಿಗಳ ಕ್ರಿಸ್ಮಸ್‌ಗಳೂ ಹಾಗೆಯೇ ಕಳೆದವು. ಮದುವೆಯ ನಂತರದ ಮೊದಲನೆಯದು ಕಲ್ಕತ್ತದಿಂದ ಮಾರಿಷಸ್‌ಗೆ ಹೋಗುವ ಹಡಗಿನಲ್ಲಿ. ಅಲ್ಲಿ ಇಳಿದಾಗ ಗೊತ್ತಾಯಿತು, ಮುಂಚೆಯೇ ಹೋಗಿದ್ದ ಗೆಳತಿ ಹ್ಯಾರಿಯೆಟ್ ನ್ಯೂವೆಲ್ ನವೆಂಬರ್ ಕೊನೆಯಲ್ಲೇ ತೀರಿಕೊಂಡಿದ್ದಳು. ಅವಳಿಗೆ ಹತ್ತೊಂಬತ್ತು ವರ್ಷ.

ಮಾರಿಷಸ್‌ನಿಂದ ಮದರಾಸಿಗೆ ಬಂದರು. ಅಲ್ಲೂ ಗಡೀಪಾರಿನ ಭಯ. ಬಂದರಿನಲ್ಲಿ ಸಿಕ್ಕ ಹಡಗು ರಂಗೂನಿಗೆ ಹೋಗುವುದಾಗಿತ್ತು, ಅದನ್ನೇ ಹತ್ತಿದರು. ದಾರಿಯಲ್ಲಿ ಆ್ಯನ್‌ಗೆ ಹೆರಿಗೆಯಾಗಿ ಮಗು ಉಳಿಯಲಿಲ್ಲ. 1813ರ ಜುಲೈ 13ರಂದು ರಂಗೂನ್ ತಲುಪಿದಾಗ ಆಕೆಗೆ ನಡೆಯುವ ಶಕ್ತಿಯಿಲ್ಲದೆ, ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗಬೇಕಾಯಿತು.

ಅಲ್ಲಿಂದ ಶುರುವಾದದ್ದು ಭಾಷೆಯ ಪಾಠ. ಕಲಿಸಲು ಬಂದ ಪಂಡಿತನಿಗೆ ಇಂಗ್ಲಿಷ್ ಬಾರದು, ಇವರಿಗೆ ಬರ್ಮಿ ಬಾರದು. ವಸ್ತುವನ್ನು ಬೆರಳಿಟ್ಟು ತೋರಿಸಿ ಹೆಸರು ಕೇಳುವುದೇ ಪಾಠ. ಬರ್ಮಿ ಲಿಪಿ ನಮ್ಮ ದಕ್ಷಿಣ ಭಾರತದ ಹಳೆಯ ಲಿಪಿಗಳ ಸಂತಾನ. ಓಲೆಗರಿಯ ಮೇಲೆ ಕೊರೆಯುತ್ತಿದ್ದುದರಿಂದ ಅಕ್ಷರಗಳು ಕನ್ನಡದಂತೆಯೇ ಗುಂಡಗೆ. ಆದರೆ ಪದಗಳ ನಡುವೆ ಜಾಗ ಬಿಡುವ ರೂಢಿಯಿಲ್ಲ. ಎಲ್ಲಿ ಪದ ಮುಗಿಯಿತು, ಎಲ್ಲಿ ಶುರುವಾಯಿತು ಎಂದೇ ಹೊಸಬರಿಗೆ ತಿಳಿಯದು. ಅಡೋನಿರಾಮ್ ಬೆಳಿಗ್ಗೆಯಿಂದ ರಾತ್ರಿಯವರೆಗೆ ಓಲೆಗರಿಗಳ ಮುಂದೆ ಕೂತಿರುತ್ತಿದ್ದ. ಆ್ಯನ್ ಮನೆ ನೋಡಿಕೊಳ್ಳಬೇಕು, ಆಳುಗಳ ಜೊತೆ ಮಾತಾಡಬೇಕು, ಸಾಮಾನು ತರಿಸಬೇಕು. ಅದರಿಂದ ಮಾತಾಡುವುದರಲ್ಲಿ ಗಂಡನಿಗಿಂತ ಮುಂದಾದಳು. ಮುಂದೆ ಸಯಾಮಿ ಭಾಷೆಯನ್ನೂ ಕಲಿತು ಮತ್ತಾಯನ ಸುವಾರ್ತೆಯನ್ನು ಆ ಭಾಷೆಗೆ ತಂದಳು. 1815ರಲ್ಲಿ ಹುಟ್ಟಿದ ಗಂಡುಮಗು ಎಂಟು ತಿಂಗಳು ತುಂಬುವ ಮೊದಲೇ ಹೋಯಿತು.

ಈಗ ನಾನು ಹೇಳಬೇಕೆಂದಿದ್ದ ಘಟನೆಗೆ ಬರುತ್ತೇನೆ. 1817ರ ಡಿಸೆಂಬರ್, ಕ್ರಿಸ್ಮಸ್ ಸಮಯ. ಬರ್ಮಿ ಬಲ್ಲ ಕ್ರೈಸ್ತರು ಚಿತ್ತಗಾಂಗಿನಲ್ಲಿ ಇದ್ದಾರೆ, ಸಹಾಯಕ್ಕೆ ಕರೆತರೋಣ ಎಂದು ಅಡೋನಿರಾಮ್ ಹಡಗು ಹತ್ತಿದ. ಮೂರು ತಿಂಗಳಲ್ಲಿ ವಾಪಸ್ ಬರುವ ಅಂದಾಜು. ಗಾಳಿ ಎದುರಾಗಿ ಹಡಗು ಚಿತ್ತಗಾಂಗ್ ಮುಟ್ಟಲೇ ಇಲ್ಲ. ಬಂಗಾಳ ಕೊಲ್ಲಿಯಲ್ಲಿ ಅಲೆದಲೆದು ಮಾರ್ಚ್ ತಿಂಗಳಲ್ಲಿ ಆತ ಇಳಿದದ್ದು ಆಂಧ್ರದ ಮಚಲೀಪಟ್ಟಣದಲ್ಲಿ, ಅದೂ ಜ್ವರದಲ್ಲಿ. ಅಲ್ಲಿಂದ ಪಲ್ಲಕ್ಕಿಯಲ್ಲಿ ಮದರಾಸಿಗೆ ಹೋಗಿ, ರಂಗೂನಿನ ಹಡಗಿಗಾಗಿ ಜುಲೈವರೆಗೆ ಕಾಯಬೇಕಾಯಿತು.

ರಂಗೂನಿನಲ್ಲಿದ್ದ ಆ್ಯನ್‌ಗೆ ಇದೊಂದೂ ತಿಳಿಯದು. ಚಿತ್ತಗಾಂಗಿನಿಂದ ಬಂದ ದೋಣಿಯವರು ಅಂಥ ಹಡಗು ಅಲ್ಲಿಗೆ ಬಂದೇ ಇಲ್ಲ ಎಂದರು. ಊರಿಗೆ ಕಾಲರಾ ಬಿತ್ತು. ಜೊತೆಗಿದ್ದ ಮುದ್ರಕ ಹಫ್ ಅವರನ್ನು ಅಧಿಕಾರಿಗಳು ದಿನವೂ ಕರೆಸಿ ವಿಚಾರಣೆ ಮಾಡತೊಡಗಿದರು. ಆಗ ಆ್ಯನ್ ಅರ್ಜಿ ಹಿಡಿದು ನೇರವಾಗಿ ರಾಜಪ್ರತಿನಿಧಿಯ ಮುಂದೆ ಹೋಗಿ ನಿಂತು ಆ ಕಿರುಕುಳ ನಿಲ್ಲಿಸಿದಳು. ಇಂಗ್ಲಿಷರಿಗೂ ಬರ್ಮಾಕ್ಕೂ ಯುದ್ಧವಾಗುತ್ತದೆ ಎಂಬ ಸುದ್ದಿ ಹಬ್ಬಿ ಹಡಗುಗಳು ಒಂದೊಂದಾಗಿ ಬಂದರು ಬಿಟ್ಟವು. ಉಳಿದ ಹಡಗಿನಲ್ಲಿ ಹಫ್ ಕುಟುಂಬ ಹೊರಟಿತು. ಅವರ ಒತ್ತಾಯಕ್ಕೆ ಆ್ಯನ್ ಕೂಡ ಜುಲೈ ಮೊದಲ ವಾರ ಹತ್ತಿದಳು. ಸಮುದ್ರ ಸೇರುವ ಮೊದಲೇ ಹಡಗು ತೊಂದರೆಯಿಂದ ನಿಂತಿತು. ಆಕೆ ಸಾಮಾನು ಸಮೇತ ಇಳಿದು, ದೋಣಿ ಹಿಡಿದು, ರಂಗೂನಿನ ಆ ಮನೆಗೆ ಒಬ್ಬಳೇ ವಾಪಸ್ ಬಂದಳು. ಗಂಡ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ಬದುಕಿದ್ದರೆ ಈ ಮನೆಗೇ ತಾನೇ ಬರಬೇಕು. ಆಗಸ್ಟ್ ಮೊದಲ ವಾರ ಆತ ಬಂದ. ಆಕೆ ಹಡಗಿನಲ್ಲೇ ಉಳಿದಿದ್ದರೆ ಖಾಲಿ ಮನೆಗೆ ಬರುತ್ತಿದ್ದ.

ಮರುವರ್ಷ ಜೂನ್‌ನಲ್ಲಿ ಮೊದಲ ಬರ್ಮಿ ಮನುಷ್ಯ, ಮೌಂಗ್ ನೌ, ಅವರ ಮತಕ್ಕೆ ಸೇರಿದ. ಆರು ವರ್ಷಕ್ಕೆ ಒಬ್ಬ. ನಮ್ಮ ಕಂಪನಿಯಾಗಿದ್ದರೆ ಪ್ರಾಜೆಕ್ಟ್ ಎಂದೋ ಮುಚ್ಚಿಬಿಡುತ್ತಿದ್ದರು. ಬರ್ಮಿಯರಿಗೆ ತಮ್ಮದೇ ಆದ ಬೌದ್ಧ ಧರ್ಮವಿತ್ತು, ಅದರ ಮೇಲೆ ಆಳವಾದ ಶ್ರದ್ಧೆಯಿತ್ತು. ಧರ್ಮ ಬದಲಾಯಿಸುವ ವಿಷಯದಲ್ಲಿ ನಮ್ಮೂರಿನವರಂತೆ ನನಗೂ ನನ್ನದೇ ಅಭಿಪ್ರಾಯವಿದೆ. ನಾನು ಇಲ್ಲಿ ಹೇಳುತ್ತಿರುವುದು ಆ ಹೆಣ್ಣುಮಗಳ ಧೈರ್ಯದ ಬಗ್ಗೆ.

ಯಕೃತ್ತಿನ ಕಾಯಿಲೆಯಿಂದ 1821ರಲ್ಲಿ ಆಕೆ ಅಮೆರಿಕಕ್ಕೆ ಹೋಗಬೇಕಾಯಿತು. ತವರಿನಲ್ಲೇ ಉಳಿದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. 1823ರ ಡಿಸೆಂಬರ್ ಮೊದಲ ವಾರ ರಂಗೂನಿಗೆ ಮರಳಿದಳು. ಒಂದು ವಾರದಲ್ಲೇ ದಂಪತಿಗಳು ರಾಜಧಾನಿ ಆವಾಕ್ಕೆ ದೋಣಿಯಲ್ಲಿ ಹೊರಟರು. ಎರಡು ವರ್ಷದ ಅಗಲಿಕೆಯ ನಂತರದ ಆ ಕ್ರಿಸ್ಮಸ್ ಐರಾವತಿ ನದಿಯ ಮೇಲೆ, ಇಬ್ಬರೂ ಒಟ್ಟಿಗೆ.

ಮುಂದಿನ ಕ್ರಿಸ್ಮಸ್ ಹೊತ್ತಿಗೆ ಯುದ್ಧ ಬಂದಿತ್ತು. ಬಿಳಿಯರೆಲ್ಲ ಇಂಗ್ಲಿಷರ ಗೂಢಚಾರರು ಎಂಬ ಅನುಮಾನದಿಂದ 1824ರ ಜೂನ್ 8ರಂದು ಅಡೋನಿರಾಮ್‌ನನ್ನು ಸೆರೆಮನೆಗೆ ಹಾಕಿದ್ದರು. ಕಾಲಿಗೆ ಮೂರು ಜೊತೆ ಬೇಡಿ. ರಾತ್ರಿ ಬಿದಿರಿನ ಗಳಕ್ಕೆ ಕಾಲು ಸಿಕ್ಕಿಸಿ ಮೇಲಕ್ಕೆತ್ತುತ್ತಿದ್ದರು. ಬಸುರಿಯಾದ ಆ್ಯನ್ ಸುಮಾರು ಎರಡು ಮೈಲಿ ನಡೆದು ಊಟ ತರುತ್ತಿದ್ದಳು, ಅಧಿಕಾರಿಗಳ ಮನೆಗಳಿಗೆ ಅಲೆಯುತ್ತಿದ್ದಳು. ಹೊಸ ಒಡಂಬಡಿಕೆಯ ಬರ್ಮಿ ಅನುವಾದದ ಹಸ್ತಪ್ರತಿಯನ್ನು ಯಾರಿಗೂ ಬೇಡವಾಗುವಂಥ ಗಟ್ಟಿ ದಿಂಬಿನೊಳಗೆ ಹೊಲಿದು ಗಂಡನಿಗೆ ಕೊಟ್ಟಿದ್ದಳು. ಮುಂದೆ ಕಾವಲುಗಾರರು ಕಿತ್ತೆಸೆದ ಆ ದಿಂಬಿನ ಹತ್ತಿಯ ಗಂಟನ್ನು ನಂಬಿಕಸ್ಥ ಮೌಂಗ್ ಇಂಗ್ ನೆನಪಿಗೆಂದು ಎತ್ತಿಟ್ಟ. ಹಸ್ತಪ್ರತಿ ಉಳಿಯಿತು.

ಆ ಸೆರೆಮನೆಯ ದಿನಗಳಲ್ಲಿ ಒಮ್ಮೆ ಗಂಡನಿಗೆ ಊರಿನ ನೆನಪಾಗುವ ತಿಂಡಿ ಮಾಡಬೇಕು ಅನ್ನಿಸಿತು. ಅವರ ಕಡೆ ಚಳಿಗಾಲದಲ್ಲಿ ಕೊಚ್ಚಿದ ಮಾಂಸ, ಹಣ್ಣು ತುಂಬಿ ಪೈ ಎಂಬ ತಿಂಡಿ ಬೇಯಿಸುತ್ತಾರೆ. ಆವಾದಲ್ಲಿ ಸಿಕ್ಕಿದ್ದು ಎಮ್ಮೆ ಮಾಂಸ ಮತ್ತು ಬಾಳೆಹಣ್ಣು. ಅದರಲ್ಲೇ ಹೇಗೋ ಮಾಡಿ ಮೌಂಗ್ ಇಂಗ್ ಕೈಯಲ್ಲಿ ಕಳಿಸಿದಳು. ಅಷ್ಟು ದಿನ ಬೇಡಿಗೆ ಅಳದ ಮನುಷ್ಯ ಅದನ್ನು ನೋಡಿ ಮೊಣಕಾಲಿಗೆ ತಲೆಯಿಟ್ಟು ಅತ್ತುಬಿಟ್ಟ. ತಿನ್ನಲಾಗದೆ ಪಕ್ಕದ ಕೈದಿಯ ಕೈಗೆ ಕೊಟ್ಟು, ಬೇಡಿ ಎಳೆದುಕೊಂಡು ಮೂಲೆಗೆ ಹೋದ. ಊರಿನಿಂದ ಬಂದ ಹೋಳಿಗೆ ಡಬ್ಬಿಯನ್ನು ಪರದೇಶದಲ್ಲಿ ತೆರೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1825ರ ಜನವರಿಯಲ್ಲಿ ಮಗಳು ಮರಿಯಾ ಹುಟ್ಟಿದಳು. ಮೇ ತಿಂಗಳಲ್ಲಿ ಕೈದಿಗಳನ್ನು ಅವುಂಗ್‌ಪಿನ್ಲೆ ಎಂಬ ಹಳ್ಳಿಗೆ ಸಾಗಿಸಿದಾಗ ಆ್ಯನ್ ಹಸುಗೂಸನ್ನು ಎತ್ತಿಕೊಂಡು ಹಿಂದೆಯೇ ಹೋದಳು. ಅಲ್ಲಿ ಕಾಯಿಲೆ ಬಿದ್ದು ಎದೆಹಾಲು ಬತ್ತಿತು. ಕಾವಲುಗಾರರ ಅಪ್ಪಣೆ ಪಡೆದು ಅಡೋನಿರಾಮ್ ಬೇಡಿಗಾಲಿನಲ್ಲೇ ಮಗುವನ್ನು ಎತ್ತಿಕೊಂಡು ಬಾಣಂತಿಯರ ಮನೆಗಳಿಗೆ ಹೋಗಿ ಹಾಲು ಬೇಡಿದ. ಆ ಹಳ್ಳಿಯ ತಾಯಂದಿರು ಹಾಲು ಕೊಟ್ಟರು. ಅವರ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ.

1826ರ ಫೆಬ್ರವರಿ 24ರಂದು ಯಾಂಡಬೋ ಒಪ್ಪಂದದಿಂದ ಯುದ್ಧ ಮುಗಿಯಿತು. ಅದಕ್ಕೂ ಮೊದಲೇ ದುಭಾಷಿಯ ಕೆಲಸಕ್ಕೆಂದು ಅಡೋನಿರಾಮ್‌ನನ್ನು ಸೆರೆಯಿಂದ ಹೊರತಂದಿದ್ದರು. ಅದೇ ವರ್ಷ ಬ್ರಿಟಿಷ್ ರಾಯಭಾರಿಯ ಜೊತೆ ಆತ ಮತ್ತೆ ಆವಾಕ್ಕೆ ಹೋದ. ಅಮ್ಹರ್ಸ್ಟ್ ಎಂಬ ಊರಿನಲ್ಲಿ ಉಳಿದಿದ್ದ ಆ್ಯನ್ ಜ್ವರದಿಂದ ಅಕ್ಟೋಬರ್ 24ರಂದು ತೀರಿಕೊಂಡಳು. ವಯಸ್ಸು ಮೂವತ್ತಾರು. ಗಂಡ ಹತ್ತಿರ ಇರಲಿಲ್ಲ. ಆರು ತಿಂಗಳಿಗೆ ಮರಿಯಾ ಕೂಡ ಹೋದಳು. ಅಡೋನಿರಾಮ್ 1834ರಲ್ಲಿ ಬೈಬಲ್ ಅನುವಾದ ಮುಗಿಸಿದ, ಇಂಗ್ಲಿಷ್–ಬರ್ಮಿ ನಿಘಂಟು ಮಾಡಿದ, 1850ರಲ್ಲಿ ಸಮುದ್ರದ ಮೇಲೆ ತೀರಿಕೊಂಡ. ಆ ಬೈಬಲ್ ಬರ್ಮಾದಲ್ಲಿ ಇಂದಿಗೂ ಓದುತ್ತಾರೆ.

ಈಗ ಪಕ್ಕದ ಮನೆಯ ಅಜ್ಜಿಯ ವಿಷಯ. ನಮ್ಮ ಕೆಲಸದಲ್ಲಿ ದೊಡ್ಡ ಬದಲಾವಣೆಗಳನ್ನು ಕ್ರಿಸ್ಮಸ್ ರಜೆಯಲ್ಲೇ ಇಡುತ್ತಾರೆ, ಬಳಸುವವರು ಕಡಿಮೆ ಎಂದು. ಆ ವರ್ಷ ಡಿಸೆಂಬರ್ 24ರ ರಾತ್ರಿ ನಾನು ಆಫೀಸಿನಲ್ಲಿದ್ದೆ. ಹೊರಗೆ ಹಿಮ. ಮನೆಯಲ್ಲಿ ಕರೆಂಟ್ ಹೋಗಿ ಹೀಟರ್ ನಿಂತಿತ್ತು. ಹೆಂಡತಿ ಎರಡು ಸಲ ಫೋನ್ ಮಾಡಿದ್ದಳು, ನಾನು ಎತ್ತಿರಲಿಲ್ಲ. ಬರುವಷ್ಟು ಇಂಗ್ಲಿಷಿನಲ್ಲೇ ಅಜ್ಜಿಯ ಬಾಗಿಲು ತಟ್ಟಿ, ಆ ರಾತ್ರಿ ಅವರ ಮನೆಯಲ್ಲಿ ಕಳೆದಿದ್ದಳು. ಬೆಳಿಗ್ಗೆ ಬಂದವನು ಕೆಲಸ ಚೆನ್ನಾಗಿ ಆಯಿತು ಎಂದು ಹೇಳಿ ಮಲಗಿಬಿಟ್ಟೆ. ಅವಳು ಏನೂ ಹೇಳಲಿಲ್ಲ. ನನಗೆ ಈ ವಿಷಯ ತಿಳಿದದ್ದು ಸೇಲಂಗೆ ಹೋಗುವ ದಾರಿಯಲ್ಲಿ, ಅಜ್ಜಿಯ ಬಾಯಿಂದ. ಅವರು ಬೈಯಲಿಲ್ಲ. ಆ್ಯನ್ ಜಡ್ಸನ್ ಕಥೆ ಹೇಳಿದರು, ಅಷ್ಟೇ.

ಸುವರ್ಣ ಮಹೋತ್ಸವದ ದಿನ ಹೊರದೇಶಕ್ಕೆ ಹೋಗಿ ಬಂದ ಹಳೆಯ ವಿದ್ಯಾರ್ಥಿಗಳಿಗೆ ಶಾಲು ಹೊದಿಸುವ ಪಟ್ಟಿಯಲ್ಲಿ ನನ್ನ ಹೆಸರೂ ಇದೆಯಂತೆ. ಸಮಿತಿಯವರಲ್ಲಿ ಒಂದು ವಿನಂತಿ. ವೇದಿಕೆಯ ಮೇಲೆ ನನ್ನ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿ. ಅವಳು ನಮ್ಮ ಶಾಲೆಯಲ್ಲಿ ಓದಿದವಳಲ್ಲ. ಆದರೂ ಆ ಶಾಲಿನಲ್ಲಿ ಅರ್ಧ ಅವಳದು.