ಕಾಡುಗಿಡಗಳ ಗೆಳತಿ ಆಲಿಸ್ ಈಸ್ಟ್‌ವುಡ್

ನವರಾತ್ರಿ ಬಂತೆಂದರೆ ದೆಹಲಿ, ಮುಂಬಯಿಯ ಅಂಗಡಿಗಳಲ್ಲಿ ಉಪವಾಸದವರಿಗೆಂದು ಕುಟ್ಟು ಹಿಟ್ಟು ಬರುತ್ತದೆ. ಇಂಗ್ಲಿಷಿನಲ್ಲಿ ಅದರ ಹೆಸರು ಬಕ್‌ವೀಟ್. ಅದೇ ಸಸ್ಯಕುಟುಂಬಕ್ಕೆ ಸೇರಿದ ಕಾಡು ಬಕ್‌ವೀಟ್‌ಗಳು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಲವಾರಿವೆ. ಅವುಗಳಲ್ಲಿ ಅಪರೂಪದ ಒಂದು ಪುಟ್ಟ ಗಿಡ ಎರಿಯೊಗೋನಮ್ ಈಸ್ಟ್‌ವುಡಿಯಾನಮ್. ಆ ಹೆಸರಿನಲ್ಲಿ ಇಂದಿಗೂ ಉಳಿದಿರುವ ಮಹಿಳೆಯೇ ಆಲಿಸ್ ಈಸ್ಟ್‌ವುಡ್.

ಆಲಿಸ್ ಹುಟ್ಟಿದ್ದು 1859ರ ಜನವರಿ 19ರಂದು, ಕೆನಡಾದ ಟೊರಾಂಟೊದಲ್ಲಿ. ಆರು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡರು. ತಂಗಿಯೊಡನೆ ಕೆಲವು ವರ್ಷ ಕಾನ್ವೆಂಟಿನಲ್ಲಿ ಬೆಳೆದು, 1873ರಲ್ಲಿ ಅಮೆರಿಕದ ಡೆನ್ವರ್‌ಗೆ ಬಂದರು. ಅಲ್ಲಿ ಬೇರೆಯವರ ಮನೆಯ ಮಕ್ಕಳನ್ನು ನೋಡಿಕೊಳ್ಳುತ್ತಲೇ ಓದಿ, 1879ರಲ್ಲಿ ಹೈಸ್ಕೂಲಿಗೇ ಮೊದಲಿಗರಾಗಿ ತೇರ್ಗಡೆಯಾದರು. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಅದೇ ಶಾಲೆಯಲ್ಲಿ ಹತ್ತು ವರ್ಷ ಪಾಠ ಹೇಳಿದರು. ರಜೆ ಸಿಕ್ಕರೆ ರಾಕಿ ಪರ್ವತಗಳ ಹಾದಿ ಹಿಡಿಯುತ್ತಿದ್ದರು. ಸಸ್ಯಶಾಸ್ತ್ರವನ್ನು ತಾವೇ ಪುಸ್ತಕ ನೋಡಿ, ಗಿಡ ನೋಡಿ ಕಲಿತರು. 1887ರಲ್ಲಿ ಹೆಸರಾಂತ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಬಂದಾಗ, 14,000 ಅಡಿಗೂ ಎತ್ತರದ ಗ್ರೇಸ್ ಪೀಕ್‌ಗೆ ದಾರಿ ತೋರಿಸಿದವರು ಈ ಶಾಲಾ ಶಿಕ್ಷಕಿಯೇ.

ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನಲ್ಲಿ ಆಗ ಸಸ್ಯವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಕ್ಯಾಥರೀನ್ ಬ್ರಾಂಡೆಗೀ. ಆಲಿಸ್ ಅವರ ಶಕ್ತಿಯನ್ನು ಗುರುತಿಸಿದ ಆಕೆ, 1892ರಲ್ಲಿ ತಮ್ಮ ಸಂಬಳವನ್ನೇ ಬಿಟ್ಟುಕೊಟ್ಟು ಆಲಿಸ್‌ರನ್ನು ಕೆಲಸಕ್ಕೆ ಕರೆತಂದರು. ಹೆಣ್ಣೊಬ್ಬಳು ಇನ್ನೊಬ್ಬ ಹೆಣ್ಣಿಗೆ ದಾರಿ ಮಾಡಿಕೊಟ್ಟ ಪರಿ ಇದು! ಎರಡೇ ವರ್ಷಗಳಲ್ಲಿ ವಿಭಾಗದ ಪೂರ್ಣ ಹೊಣೆ ಆಲಿಸ್ ಅವರದಾಯಿತು.

ಹೊಸ ಗಿಡಕ್ಕೆ ಹೆಸರಿಡುವಾಗ ಆಧಾರವಾಗಿ ಇಟ್ಟುಕೊಳ್ಳುವ ಒಣಗಿಸಿದ ಮಾದರಿ ಬಹಳ ಅಮೂಲ್ಯ. ಮುಂದೆ ಸಂದೇಹ ಬಂದರೆ ಅದನ್ನೇ ನೋಡಬೇಕು. ಅಂಥ ಮಾದರಿಗಳನ್ನು ಉಳಿದವುಗಳ ಜೊತೆ ಬೆರೆಸಿಡುವುದು ಆಗಿನ ರೂಢಿ. ಆಲಿಸ್ ಮಾತ್ರ ಅವನ್ನು ಬೇರೆಯಾಗಿ ಇಟ್ಟಿದ್ದರು.

1906ರ ಏಪ್ರಿಲ್ 18ರ ಬೆಳಗಿನ ಜಾವ ಭೂಕಂಪಕ್ಕೆ ನಗರ ನಡುಗಿತು. ಬೆನ್ನಿಗೇ ಬೆಂಕಿ ಹಬ್ಬಿತು. ಆಲಿಸ್ ಅಕಾಡೆಮಿಗೆ ಧಾವಿಸಿದರು. ಮೆಟ್ಟಿಲುಗಳು ಕುಸಿದಿದ್ದವು. ಸ್ನೇಹಿತರೊಬ್ಬರ ಜೊತೆ ಕಬ್ಬಿಣದ ಕಟಕಟೆ ಹಿಡಿದು ಆರನೆಯ ಮಹಡಿಗೆ ಹತ್ತಿದರು! ಮಾದರಿಗಳನ್ನು ಗಂಟು ಕಟ್ಟಿ ಹಗ್ಗದಿಂದ ಕೆಳಗಿಳಿಸಿದರು. ಹಾಗೆ ಉಳಿದದ್ದು 1,497 ಮಾದರಿಗಳು. ಬೇರೆಯಾಗಿ ಇಟ್ಟಿದ್ದರಿಂದಲೇ ಅಷ್ಟು ಬೇಗ ಕೈಗೆ ಸಿಕ್ಕವು. ಉಳಿದ ಸಂಗ್ರಹವೂ, ಅವರ ಸ್ವಂತ ಮನೆಯೂ ಸುಟ್ಟು ಬೂದಿಯಾದವು.

ಆಗ ಅವರಿಗೆ 47 ವರ್ಷ. ಕೈಚೆಲ್ಲಿ ಕೂರಲಿಲ್ಲ. ಅಮೆರಿಕ, ಯೂರೋಪಿನ ಸಸ್ಯಸಂಗ್ರಹಗಳಲ್ಲಿ ಅಧ್ಯಯನ ಮಾಡಿ, 1912ರಲ್ಲಿ ಅಕಾಡೆಮಿಗೆ ಮರಳಿದರು. ಬೆಟ್ಟಗಳನ್ನು ಮತ್ತೆ ಸುತ್ತಿದರು. 1949ರಲ್ಲಿ, 90ರ ವಯಸ್ಸಿನಲ್ಲಿ ನಿವೃತ್ತರಾಗುವ ಹೊತ್ತಿಗೆ ಸಂಗ್ರಹಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಮಾದರಿಗಳು ಸೇರಿದ್ದವು. ಮರುವರ್ಷ ಸ್ಟಾಕ್‌ಹೋಮ್‌ನ ಅಂತಾರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನ ಅವರನ್ನು ಗೌರವಾಧ್ಯಕ್ಷರನ್ನಾಗಿ ಕರೆಯಿತು. ಸಸ್ಯಗಳಿಗೆ ಹೆಸರಿಡುವ ಪದ್ಧತಿ ಕಲಿಸಿದ ಲಿನೇಯಸ್ ಅವರ ಕುರ್ಚಿಯಲ್ಲಿ ಆಲಿಸ್ ಕುಳಿತರು. 1953ರ ಅಕ್ಟೋಬರ್ 30ರಂದು ತೀರಿಕೊಂಡರು.

ಆ ಕಾಡು ಬಕ್‌ವೀಟ್‌ಗೆ ಅವರ ಹೆಸರಿಟ್ಟವರು, ಅವರ ಕೈಕೆಳಗೆ ದುಡಿದು ನಂತರ ಅವರ ಸ್ಥಾನಕ್ಕೆ ಬಂದ ಜಾನ್ ಥಾಮಸ್ ಹೋವೆಲ್. ಹಳದಿ ಹೂವಿನ ಪೊದೆಗಿಡವೊಂದಕ್ಕೂ ಈಸ್ಟ್‌ವುಡಿಯಾ ಎಂಬ ಹೆಸರಿದೆ.

ಗೆಳತಿಯರೇ, ಈ ಸಲ ಕುಟ್ಟು ಪೂರಿ ಲಟ್ಟಿಸುವಾಗ, ನಗರ ಉರಿಯುತ್ತಿದ್ದರೂ ಮೊದಲು ಗಿಡಗಳನ್ನು ಉಳಿಸಿದ ಈ ಹೆಣ್ಣುಮಗಳನ್ನು ಒಮ್ಮೆ ನೆನೆಯೋಣ.